ತೊಟ್ಟಿ ನೀರಿನ ಒಂದು ದಿನ

ಇಂಗ್ಲೆಂಡ್, ಜರ್ಮನಿಯಂಥ ದೇಶಗಳಲ್ಲಿ ಅಕ್ವೇರಿಯಂ ಮೀನು ಸಾಕುವವರು ಬೇಸಿಗೆಯ ದಾರಿ ಕಾಯುತ್ತಿರುತ್ತಾರೆ. ಚಳಿಗಾಲವಿಡೀ ಗಾಜಿನ ಪೆಟ್ಟಿಗೆಯಲ್ಲಿ ಹೀಟರ್ ಹಾಕಿ ಉಳಿಸಿಕೊಂಡ ಮೀನುಗಳನ್ನು ಬಿಸಿಲು ಬಿದ್ದ ಮೇಲೆ ಹಿತ್ತಲಿನ ಟಬ್ಬಿಗೆ ಬಿಡುತ್ತಾರೆ, ಚಳಿ ಶುರುವಾಗುವ ಮೊದಲೇ ಮತ್ತೆ ಒಳಗೆ ತರುತ್ತಾರೆ. ಅಲ್ಲಿ ಹೊರಗಿನ ತೊಟ್ಟಿ ಎಂದರೆ ಮೀನಿಗೆ ನಾಲ್ಕು ತಿಂಗಳ ರಜೆ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ಈ ಪಂಚಾಂಗ ತಲೆಕೆಳಗಾಗುತ್ತದೆ. ಭದ್ರಾ ನಾಲೆಯ ನೀರು ಉಂಡ ಭತ್ತದ ಗದ್ದೆ, ಅಡಿಕೆ ತೋಟಗಳ ಈ ಸೀಮೆಯಲ್ಲಿ ಮೀನು ಹನ್ನೆರಡು ತಿಂಗಳೂ ಹೊರಗೇ ಇರಬಹುದು. ಡಿಸೆಂಬರ್ ರಾತ್ರಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದರೂ ಆಳದ ತೊಟ್ಟಿಯ ನೀರು ಅಷ್ಟು ತಣ್ಣಗಾಗುವುದಿಲ್ಲ. ಇಲ್ಲಿಯ ಮೀನಿಗೆ ನಿಜವಾದ ಪರೀಕ್ಷೆ ಶಿವರಾತ್ರಿ ಕಳೆದ ಮೇಲೆ ಶುರುವಾಗಿ ಮುಂಗಾರು ಹಿಡಿಯುವವರೆಗೆ ನಡೆಯುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಳಿಯೇ 36–38 ಡಿಗ್ರಿ ಇರುವಾಗ ಅಂಗಳದ ತೊಟ್ಟಿಯಲ್ಲಿ ಬೆರಳುದ್ದದ ಜೀವ ಹೇಗೆ ಉಳಿಯುತ್ತದೆ?

ಮೀನು ಸಾಕಲು ಬೇಕಾದ ಪಾತ್ರೆಗೆ ಇಲ್ಲಿ ಬರವಿಲ್ಲ. ದನಕ್ಕೆ ನೀರಿಡುವ ಕಲ್ಲುಬಾನಿ, ಬಚ್ಚಲ ಪಕ್ಕದ ಸಿಮೆಂಟ್ ತೊಟ್ಟಿ, ಅರ್ಧಕ್ಕೆ ಕೊಯ್ದ ಪ್ಲಾಸ್ಟಿಕ್ ಡ್ರಮ್ಮು, ಹೀಗೆ ಮನೆಗೊಂದು ಸಿಗುತ್ತದೆ. ನಲ್ಲಿ ನೀರು ದಿನವೂ ಬಾರದ ಊರುಗಳಲ್ಲಿ ನೀರು ಹಿಡಿದಿಡುವುದು ರೂಢಿಯಾಗಿ ಬಂದ ವಿದ್ಯೆ. ಅದರೊಳಗೆ ನಾಲ್ಕು ಗಪ್ಪಿಯನ್ನೋ ಎರಡು ಗೋಲ್ಡ್‌ಫಿಶ್ಶನ್ನೋ ಬಿಟ್ಟವರು ಒಂದು ದಿನ ಬೆಳಿಗ್ಗೆ ಎದ್ದಾಗ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ, "ನಿನ್ನೆ ಬಿಸಿಲಿಗೆ ಬೆಂದುಹೋದವು" ಎನ್ನುತ್ತಾರೆ. ಬಿಸಿಲಿಗೆ ಬೆಂದ ಮೀನು ನಿನ್ನೆ ಮಧ್ಯಾಹ್ನವೇ ತೇಲಬೇಕಿತ್ತು. ಬೆಳಿಗ್ಗೆ ತೇಲಿದ್ದಕ್ಕೆ ಕಾರಣ ಬೇರೆ. ಅದನ್ನು ತಿಳಿಯಲು ತೊಟ್ಟಿ ನೀರಿನ ಒಂದು ಹಗಲು, ಒಂದು ರಾತ್ರಿಯನ್ನು ಗಮನಿಸಬೇಕು.

ನಡು ಮಧ್ಯಾಹ್ನ

ಏಪ್ರಿಲ್ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 900 ವ್ಯಾಟ್ ಬಿಸಿಲು ಸುರಿಯುತ್ತದೆ. ಒಂದು ಚದರ ಮೀಟರ್ ಬಾಯಿಯ ತೊಟ್ಟಿಯಲ್ಲಿ ನೀರು ಒಂದು ಗೇಣು, ಅಂದರೆ 20 ಸೆಂಟಿಮೀಟರ್ ಇದ್ದರೆ ಅದು 200 ಲೀಟರ್. ಬಿದ್ದ ಶಾಖವೆಲ್ಲ ನೀರಿನಲ್ಲೇ ಉಳಿದರೆ ಗಂಟೆಗೆ ಹೆಚ್ಚುಕಡಿಮೆ 4 ಡಿಗ್ರಿ ಬಿಸಿ ಏರುತ್ತದೆ. ಅದೇ ಬಾಯಿಗೆ 60 ಸೆಂಟಿಮೀಟರ್ ಆಳವಿದ್ದರೆ ಏರಿಕೆ ಗಂಟೆಗೆ ಒಂದೂಕಾಲು ಡಿಗ್ರಿ ದಾಟುವುದು ಕಷ್ಟ. ಹಾಗಾಗಿ ನಮ್ಮ ಬೇಸಿಗೆಗೆ ಅಗಲಕ್ಕಿಂತ ಆಳ ಮುಖ್ಯ. ಚಪ್ಪಟೆ ಟಬ್ಬು ಯುರೋಪಿನ ಎಳೆಬಿಸಿಲಿಗೆ ಸರಿ, ಬಯಲುಸೀಮೆಗೆ ಆಗಿಬರುವುದಿಲ್ಲ.

ನೀರು ತನ್ನನ್ನು ತಾನೇ ತಣಿಸಿಕೊಳ್ಳುವ ಒಂದು ಉಪಾಯವೂ ಇದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 24 ಲಕ್ಷ ಜೂಲ್ ಶಾಖ ಹೊತ್ತೊಯ್ಯುತ್ತದೆ. ಬೇಸಿಗೆಯ ದಿನದಲ್ಲಿ ತೆರೆದ ತೊಟ್ಟಿಯ ನೀರು 6 ಮಿಲಿಮೀಟರ್ ಇಳಿಯುವುದು ಏನೂ ವಿಶೇಷವಲ್ಲ. ಚದರ ಮೀಟರಿಗೆ ಅದು ಆರು ಲೀಟರ್. ಆ ಆರು ಲೀಟರ್ ಒಯ್ಯುವ ಶಾಖ 600 ಲೀಟರ್ ನೀರನ್ನು ಸುಮಾರು ಆರು ಡಿಗ್ರಿ ತಣ್ಣಗಾಗಿಸುವಷ್ಟಿರುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ಲೆಕ್ಕದಲ್ಲಿ. ಒಣಗಾಳಿಯ ಜಗಳೂರಿನಲ್ಲಿ ತೊಟ್ಟಿ ಬೇಗ ಬತ್ತುತ್ತದೆ, ಆದರೆ ಉಳಿದ ನೀರು ನಾವು ಅಂದುಕೊಂಡಷ್ಟು ಕಾಯುವುದಿಲ್ಲ. ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿಯ ಕಡೆ, ಮಳೆಗೆ ಮುಂಚಿನ ಸೆಖೆಯ ದಿನಗಳಲ್ಲಿ, ಗಾಳಿ ಆವಿಯನ್ನು ಬೇಗ ಹೀರಿಕೊಳ್ಳದ ಕಾರಣ ನೀರಿನ ಬಿಸಿ ಅಲ್ಲೇ ಉಳಿಯುತ್ತದೆ.

ಬಿಸಿಲು ತಡೆಯಲು ತೊಟ್ಟಿಗೆ ಪ್ಲಾಸ್ಟಿಕ್ ಹಾಳೆ ಬಿಗಿದರೆ ಈ ಉಪಾಯವೇ ಕೈಕೊಡುತ್ತದೆ. ಆವಿ ಹೊರಹೋಗಲು ದಾರಿಯಿಲ್ಲದೆ ನೀರು ಇನ್ನಷ್ಟು ಕಾಯುತ್ತದೆ. ತೊಟ್ಟಿಯಿಂದ ಎರಡು ಮೊಳ ಮೇಲೆ ಅಡಿಕೆ ಸೋಗೆಯದೋ ತೆಂಗಿನ ಗರಿಯದೋ ಚಪ್ಪರ ಹಾಕಿ, ಬದಿಯಿಂದ ಗಾಳಿ ಆಡಲು ಬಿಟ್ಟರೆ ನೆರಳೂ ಸಿಕ್ಕೀತು, ಆವಿಯೂ ಹೋದೀತು. ಬೆಳಗಿನ ಎರಡು ಗಂಟೆಯ ಬಿಸಿಲು ಬಿದ್ದು ನಡುಹಗಲಿಗೆ ನೆರಳು ಬರುವ ಪೂರ್ವದಿಕ್ಕಿನ ಜಗಲಿ ತೊಟ್ಟಿಗೆ ಹೇಳಿ ಮಾಡಿಸಿದ ಜಾಗ.

ಆವಿಯಾಗುವಾಗ ನೀರು ಮಾತ್ರ ಹೋಗುತ್ತದೆ, ಅದರಲ್ಲಿದ್ದ ಲವಣ ಹೋಗುವುದಿಲ್ಲ. ಇಳಿದಷ್ಟು ಕೊಳವೆಬಾವಿಯ ಗಡಸು ನೀರನ್ನೇ ತಂದು ಸುರಿಯುತ್ತಿದ್ದರೆ ತಿಂಗಳೊಪ್ಪತ್ತಿನಲ್ಲಿ ತೊಟ್ಟಿಯ ಗಡಸುತನ ಏರಿ, ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದೆ. ಆ ಪಟ್ಟೆ ಕಂಡಾಗ ಬರಿದೆ ತುಂಬಿಸಿದರೆ ಸಾಲದು. ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ನೀರು ತೆಗೆದು ಗಿಡಕ್ಕೆ ಹಾಕಿ, ಹೊಸ ನೀರು ಬಿಡಬೇಕು.

ಮೂರು ಗಂಟೆ

ತೊಟ್ಟಿ ಇಟ್ಟ ಹತ್ತು–ಹದಿನೈದು ದಿನಕ್ಕೆ ನೀರು ಹಸಿರಾಗುತ್ತದೆ. ಕಣ್ಣಿಗೆ ಬಿಡಿಯಾಗಿ ಕಾಣದ ಪಾಚಿಕೋಶಗಳು ನೀರಿನ ತುಂಬ ಹಬ್ಬಿದ್ದರ ಗುರುತು ಇದು. ಹಗಲಿಡೀ ಅವು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲಜನಕ ಬಿಡುತ್ತವೆ. ಇಂಗಾಲದ ಡೈಆಕ್ಸೈಡ್ ನೀರಿಗೆ ಹುಳಿ ಗುಣ ಕೊಡುವ ವಸ್ತು. ಅದು ಖಾಲಿಯಾದಂತೆ ನೀರು ಕ್ಷಾರದ ಕಡೆಗೆ ಸರಿಯುತ್ತದೆ. ಬೆಳಿಗ್ಗೆ 7ರ ಹತ್ತಿರವಿದ್ದ ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ, ದಟ್ಟ ಹಸಿರು ನೀರಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ 9 ಮುಟ್ಟಬಲ್ಲದು.

ಇದರಿಂದ ಮೀನಿಗೇನು ಕಷ್ಟ? ಮೀನು ತನ್ನ ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಅಮೋನಿಯಂ ರೂಪ ಬಹುಮಟ್ಟಿಗೆ ನಿರಪಾಯಕಾರಿ, ಮುಕ್ತ ಅಮೋನಿಯಾ ಕಿವಿರನ್ನು ಸುಡುವ ವಿಷ. ಯಾವ ರೂಪ ಎಷ್ಟಿರಬೇಕೆಂದು ನಿರ್ಧರಿಸುವುದು ಪಿಎಚ್ ಮತ್ತು ಬಿಸಿ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಶೇ 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಅದು ಶೇ 7 ದಾಟುತ್ತದೆ. ಪಿಎಚ್ 9 ಆದರೆ ಶೇ 44ರಷ್ಟು. ಅಂದರೆ ಬೆಳಿಗ್ಗೆ ಮೀನಿಗೆ ಏನೂ ಮಾಡದ ಅದೇ ನೀರು, ಹೊರಗಿನಿಂದ ಏನನ್ನೂ ಸೇರಿಸದೆ, ಮಧ್ಯಾಹ್ನಕ್ಕೆ ಹತ್ತಾರು ಪಟ್ಟು ವಿಷವಾಗುತ್ತದೆ.

ಪರಿಹಾರ ಎರಡು ಬಗೆಯ ಬ್ಯಾಕ್ಟೀರಿಯಾಗಳ ಕೈಯಲ್ಲಿದೆ. ಒಂದು ಬಗೆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಗಿಡಗಳು ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ತೊಟ್ಟಿಯ ಗೋಡೆಗೆ, ತಳದ ಕಲ್ಲಿಗೆ, ಗಿಡದ ಬೇರಿಗೆ ಅಂಟಿಕೊಂಡು ಬದುಕುತ್ತವೆ. ಅವು ನೆಲೆಯೂರಲು ಮೂರು–ನಾಲ್ಕು ವಾರ ಬೇಕು. ಹಬ್ಬಕ್ಕೆಂದು ತೊಟ್ಟಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಫಳಫಳ ಮಾಡಿದವರು ಮರುವಾರ ಮೀನು ಕಳೆದುಕೊಳ್ಳುವುದು ಇದಕ್ಕೇ. ನೀರಿನೊಳಗಿನ ಗೋಡೆಯ ಲೋಳೆ ಕೊಳೆಯಂತೆ ಕಂಡರೂ ತೊಟ್ಟಿಯ ಫಿಲ್ಟರ್ ಅದೇ.

ಅಮೋನಿಯಾದ ಮೂಲ ನಮ್ಮ ಕೈಯಲ್ಲೂ ಇದೆ. ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿ ಇಲ್ಲದ ಮನೆಯಿಲ್ಲ, ಅದರಲ್ಲೊಂದು ಹಿಡಿ ತೊಟ್ಟಿಗೂ ಬೀಳುತ್ತದೆ. ಮೀನು ನಾಲ್ಕು ಕಾಳು ಚೀಪಿ ಬಿಡುತ್ತದೆ, ಉಳಿದದ್ದು ನೆಂದು ತಳ ಸೇರಿ ಕೊಳೆಯುತ್ತದೆ. ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಮೀನಿನ ಆಹಾರವನ್ನು ದಿನಕ್ಕೊಮ್ಮೆ, ಬೆಳಗಿನ ಹೊತ್ತು ಹಾಕಿದರೆ ಸಾಕು. ಹಸಿರು ನೀರಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು, ಸೊಳ್ಳೆಮರಿಗಳು ಮಿಕ್ಕ ಹಸಿವನ್ನು ನೋಡಿಕೊಳ್ಳುತ್ತವೆ.

ಬೆಳಗಿನ ಜಾವ

ಸೂರ್ಯ ಮುಳುಗಿದ ಮೇಲೆ ಪಾಚಿ ಆಮ್ಲಜನಕ ಬಿಡುವುದನ್ನು ನಿಲ್ಲಿಸುತ್ತದೆ, ಉಸಿರಾಡುವುದನ್ನು ನಿಲ್ಲಿಸುವುದಿಲ್ಲ. ಹಗಲು ಅನ್ನ ಹಾಕಿದ ಅದೇ ಹಸಿರು, ರಾತ್ರಿಯಿಡೀ ಮೀನಿನ ಜೊತೆ, ಬ್ಯಾಕ್ಟೀರಿಯಾದ ಜೊತೆ ಅದೇ ಆಮ್ಲಜನಕಕ್ಕೆ ಪಾಲು ಕೇಳುತ್ತದೆ. ಆ ಗಂಟು ಮೊದಲೇ ಚಿಕ್ಕದು. 30 ಡಿಗ್ರಿಯಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರ್ ನೀರಿನಲ್ಲಿ ಕರಗಿ ನಿಲ್ಲುವುದು ಏಳೂವರೆ ಮಿಲಿಗ್ರಾಂ. 20 ಡಿಗ್ರಿಯ ನೀರಿನಲ್ಲಿ ಅದು 9 ಇರುತ್ತಿತ್ತು, 35ಕ್ಕೆ ಹೋದರೆ 7ಕ್ಕೆ ಇಳಿಯುತ್ತದೆ. ಇದು ಸಮುದ್ರಮಟ್ಟದ ಲೆಕ್ಕ, ಎತ್ತರದ ನಮ್ಮ ನಾಡಿನಲ್ಲಿ ಇನ್ನೂ ಕೊಂಚ ಕಡಿಮೆ. ಇತ್ತ ನೀರು ಹತ್ತು ಡಿಗ್ರಿ ಬಿಸಿಯಾದರೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಆದಾಯ ಇಳಿದು ಖರ್ಚು ಏರುವುದು ಹೀಗೆ. ಇದರ ಪೆಟ್ಟು ಮೀನಿಗೆ ಬೀಳುವುದು ಬೆಳಗಿನ ಜಾವ ನಾಲ್ಕರಿಂದ ಆರರ ನಡುವೆ.

ಆ ಹೊತ್ತಿನಲ್ಲಿ ಟಾರ್ಚ್ ಹಿಡಿದು ನೋಡಿದರೆ ತೊಟ್ಟಿಯ ಸಂಕಟ ತಾನೇ ಕಾಣುತ್ತದೆ. ಗಪ್ಪಿಗಳೆಲ್ಲ ಮೇಲ್ಮೈಗೆ ಬಂದು ಸಾಲಾಗಿ ನಿಂತಿರುತ್ತವೆ. ಮೈ ಓರೆ, ಬಾಲ ಕೆಳಗೆ, ಬಾಯಿ ನೀರಿನ ಹೊರಪದರಕ್ಕೆ ತಾಗಿ ಪುಟಪುಟ ತೆರೆದು ಮುಚ್ಚುತ್ತಿರುತ್ತದೆ. ಕಿವಿರಿನ ಮುಚ್ಚಳ ಹಗಲಿಗಿಂತ ಬಿರುಸಾಗಿ ಬಡಿಯುತ್ತಿರುತ್ತದೆ. ನೋಡಿದವರಿಗೆ ಗಾಳಿ ಕುಡಿಯುತ್ತಿದೆ ಅನ್ನಿಸಬಹುದು. ಗಪ್ಪಿಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವಿಲ್ಲ. ಅದು ಹೀರುತ್ತಿರುವುದು ಗಾಳಿಗೆ ತಾಗಿದ ಒಂದೆರಡು ಮಿಲಿಮೀಟರ್ ನೀರಿನ ಪದರವನ್ನು. ತೊಟ್ಟಿಯಲ್ಲಿ ಆ ಹೊತ್ತಿಗೆ ಆಮ್ಲಜನಕ ಉಳಿದಿರುವುದು ಅಲ್ಲಿ ಮಾತ್ರ. ಗಪ್ಪಿಯ ಬಾಯಿ ಮೇಲ್ಮುಖವಾಗಿರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಬೆಟ್ಟಾ, ಗೌರಾಮಿ ಮೀನುಗಳಿಗೆ ತಲೆಯೊಳಗೆ ಗಾಳಿ ಹಿಡಿದು ಉಸಿರಾಡುವ ವಿಶೇಷ ಅಂಗವಿದೆ. ನಮ್ಮ ಕೆರೆಯ ಕೊರವ ಮೀನಿಗೂ ಗಾಳಿಯ ಉಸಿರು ಗೊತ್ತು. ಬೇಸಿಗೆಯ ತೊಟ್ಟಿಯಲ್ಲಿ ಇಂಥವು ಕೊನೆಯವರೆಗೂ ತಾಳುತ್ತವೆ.

ಹೀಗಾಗಿ ತೊಟ್ಟಿಗೆ ಎಷ್ಟು ಮೀನು ಎಂಬ ಲೆಕ್ಕವನ್ನು ಮಧ್ಯಾಹ್ನ ನೋಡಿ ಹಾಕಬಾರದು. ಬೆಳಗಿನ ಜಾವದ ನೀರು ಎಷ್ಟು ಜೀವಕ್ಕೆ ಉಸಿರು ಕೊಟ್ಟೀತೋ ಅಷ್ಟೇ ಅದರ ಸಾಮರ್ಥ್ಯ. ಆಮ್ಲಜನಕ ಒಳಬರುವುದು ತೊಟ್ಟಿಯ ಬಾಯಿಯಿಂದ, ಆದ್ದರಿಂದ ಆಳ ಅಷ್ಟೇ ಇದ್ದರೂ ಕಿರಿದಾದ ಬಾಯಿಯ ಡ್ರಮ್ಮಿಗಿಂತ ಅಗಲ ಬಾಯಿಯ ತೊಟ್ಟಿ ಹೆಚ್ಚು ಮೀನು ಹೊರುತ್ತದೆ. ಅಂತರಗಂಗೆ, ನೈದಿಲೆ ಎಲೆಗಳು ನೆರಳಿಗೆ ಒಳ್ಳೆಯವು, ಆದರೆ ಅವು ಅರ್ಧ ಬಾಯಿಗಿಂತ ಹೆಚ್ಚು ಮುಚ್ಚದಂತೆ ಆಗಾಗ ತೆಗೆಯಬೇಕು. ನಸುಕಿನಲ್ಲಿ ಮೀನು ಮೇಲೆ ನಿಂತಿದ್ದು ಕಂಡರೆ ತಂಬಿಗೆಯಲ್ಲಿ ನೀರು ಮೊಗೆದು ಎತ್ತರದಿಂದ ಹತ್ತಾರು ಸಲ ಸುರಿದರೂ ಆ ದಿನಕ್ಕೆ ಜೀವ ಉಳಿದೀತು.

ಸೊಳ್ಳೆಯ ಲೆಕ್ಕ

ಮೀನಿಲ್ಲದ ತೊಟ್ಟಿ ಬೇಸಿಗೆಯಲ್ಲಿ ಸೊಳ್ಳೆಯ ಕಾರ್ಖಾನೆ. 2006ರಲ್ಲಿ ಚಿಕೂನ್‌ಗುನ್ಯಾ ದೇಶಕ್ಕೆ ಮರಳಿ ಬಂದಾಗ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಅದನ್ನು ಹರಡುವ ಈಡಿಸ್ ಸೊಳ್ಳೆ ಮನೆಯ ನೀರಿನ ತೊಟ್ಟಿಯಲ್ಲೇ ಹುಟ್ಟುತ್ತದೆ. ಬೆಚ್ಚಗಿನ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ವಾರ, ಹತ್ತು ದಿನ ಸಾಕು. ತೊಟ್ಟಿಯಲ್ಲಿ ತಲೆಕೆಳಗಾಗಿ ನೇತಾಡುವ ಹುಳ ಕಂಡರೆ ಅದು ಈಡಿಸ್ ಅಥವಾ ಕ್ಯೂಲೆಕ್ಸ್ ಮರಿ. ಬಾಲದ ಕೊಳವೆಯನ್ನು ಮೇಲ್ಮೈಗೆ ಹಚ್ಚಿ ಅದು ಉಸಿರಾಡುತ್ತದೆ. ಮೇಲ್ಮೈಗೆ ಸಮನಾಗಿ ಕಡ್ಡಿಯಂತೆ ಮಲಗಿದ್ದರೆ ಅದು ಮಲೇರಿಯಾ ತರುವ ಅನಾಫಿಲಿಸ್. ಎರಡೂ ಮೇಲಕ್ಕೆ ಬಂದೇ ಬದುಕಬೇಕು, ಗಪ್ಪಿಯ ಬಾಯಿ ಕಾಯುತ್ತಿರುವುದೂ ಅಲ್ಲೇ.

ಗಪ್ಪಿ ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್ ಕಡೆಯ ಮೀನು. ಅದು 1908ರಲ್ಲಿ ಭಾರತಕ್ಕೆ ಬಂತು. ಸೊಳ್ಳೆಮೀನೆಂದೇ ಹೆಸರಾದ ಗಂಬೂಸಿಯಾವನ್ನು 1928ರಲ್ಲಿ ಸೊಳ್ಳೆ ಸಂಶೋಧಕ ಬಿ.ಎ. ರಾವ್ ಇಟಲಿಯಿಂದ ತರಿಸಿದರು. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿ ಬಿಟ್ಟು ರೋಗ ತಗ್ಗಿಸಿದರು. ಚಿಕೂನ್‌ಗುನ್ಯಾದ ನಂತರ ರಾಜ್ಯದ ಕೆಲವು ಹಳ್ಳಿಗಳ ಸಿಮೆಂಟ್ ತೊಟ್ಟಿಗಳಲ್ಲಿ ಗಪ್ಪಿ, ಗಂಬೂಸಿಯಾ ಎರಡನ್ನೂ ಬಿಟ್ಟು ಹೋಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎರಡೂ ಈಡಿಸ್ ಮರಿಗಳನ್ನು ಗಣನೀಯವಾಗಿ ಇಳಿಸಿದ್ದವು. ಇಂದು ಆರೋಗ್ಯ ಇಲಾಖೆ ‘ಲಾರ್ವಾಹಾರಿ ಮೀನು’ ಎನ್ನುವುದು ಮುಖ್ಯವಾಗಿ ಇವೆರಡನ್ನು.

ಮೀನಿಗೂ ಒಂದು ಮಿತಿಯಿದೆ. ಈಡಿಸ್ ತನ್ನ ಮೊಟ್ಟೆಯನ್ನು ನೀರಿಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಅದು ತಿಂಗಳುಗಟ್ಟಲೆ ಸಾಯುವುದಿಲ್ಲ. ಮೀನು ಅಲ್ಲಿಗೆ ಹಾರಲಾರದು, ನಿಮ್ಮ ಕೈ ಹೋಗುತ್ತದೆ. ವಾರಕ್ಕೊಮ್ಮೆ ನೀರಿನ ಗೆರೆಯ ಮೇಲಿನ ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಗೆರೆಯ ಕೆಳಗಿನದನ್ನು ಬ್ಯಾಕ್ಟೀರಿಯಾಗಳಿಗೆ ಬಿಟ್ಟುಬಿಡಿ.

ಬಣ್ಣ ಬದಲಾಗುವುದು

ಅಂಗಡಿಯಿಂದ ತಂದ ಬೀಸಣಿಗೆ ಬಾಲದ ಗಪ್ಪಿಯನ್ನು ತೊಟ್ಟಿಗೆ ಬಿಟ್ಟು ಒಂದೆರಡು ವರ್ಷ ಸುಮ್ಮನಿದ್ದರೆ ಮೊಮ್ಮಕ್ಕಳು ಅಜ್ಜನಂತೆ ಇರುವುದಿಲ್ಲ. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ, ಮರಿ ಕೆಲವೇ ತಿಂಗಳಲ್ಲಿ ತಾಯಿಯಾಗುತ್ತದೆ. ತಲೆಮಾರು ಬೇಗ ಉರುಳುವ ಕಾರಣ ವಿಕಾಸವನ್ನು ಕಣ್ಣಾರೆ ಕಾಣಬಹುದು. ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಕೃತಕ ಕೊಳಗಳಲ್ಲಿ ಗಪ್ಪಿ ಸಾಕಿ 1980ರಲ್ಲಿ ಅದನ್ನು ತೋರಿಸಿದರು. ಬೇಟೆಗಾರ ಮೀನಿದ್ದ ಕೊಳದಲ್ಲಿ ಗಂಡು ಗಪ್ಪಿಗಳ ಚುಕ್ಕಿ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗಿ ತಳದ ಕಲ್ಲಿಗೆ ಹೊಂದಿಕೊಂಡಿತು. ಬೇಟೆಗಾರನಿಲ್ಲದ ಕಡೆ ಚುಕ್ಕಿ ಎದ್ದು ಕಾಣುವಂತಾಯಿತು, ಏಕೆಂದರೆ ಹೆಣ್ಣಿಗೆ ಮೆಚ್ಚು ಅದೇ.

ನಿಮ್ಮ ತೊಟ್ಟಿಯಲ್ಲೂ ಈ ಎರಡು ಒತ್ತಡಗಳಿವೆ. ಉದ್ದ ಬಾಲ ಎಳೆದುಕೊಂಡು ನಿಧಾನ ಈಜುವುದನ್ನು ಮಿಂಚುಳ್ಳಿ, ಬಕ, ನೀರುಹಾವು ಮೊದಲು ಎತ್ತುತ್ತವೆ. ಉಳಿದವು ಚಿಕ್ಕ ಬಾಲದ ಚುರುಕಿನವು. ಜೊತೆಗೆ, ಪಾಚಿಯಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣಕ ಗಂಡಿನ ಕಿತ್ತಳೆ ಚುಕ್ಕಿಯನ್ನು ಗಾಢಗೊಳಿಸುತ್ತದೆ. ಗಪ್ಪಿ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಹೊರಗಿನ ಮೀನು ಗಾಜಿನ ಪೆಟ್ಟಿಗೆಯದಕ್ಕಿಂತ ಕೆಂಪಗೆ ಕಾಣಲು ಇದೂ ಒಂದು ಕಾರಣ.

ತೊಟ್ಟಿಗೆ ಬೇಡವಾದವು

ಹೊಸ ಸಿಮೆಂಟ್ ತೊಟ್ಟಿ ಸುಣ್ಣ ಬಿಡುತ್ತದೆ, ಪಿಎಚ್ ಏರುತ್ತದೆ. ನೀರು ತುಂಬಿ ಎರಡು ಮೂರು ವಾರ ಬಿಟ್ಟು, ಆಗಾಗ ಚೆಲ್ಲಿ ಬದಲಿಸಿ, ಆಮೇಲೆ ಮೀನು ಬಿಡಿ. ಬಾಳೆದಿಂಡು ಕತ್ತರಿಸಿ ನೆನೆಹಾಕುವ ರೂಢಿಯೂ ಉಂಟು. ನಲ್ಲಿ ನೀರಿನ ಕ್ಲೋರಿನ್ ಒಂದು ದಿನ ಬಿಸಿಲಿಗೆ ತೆರೆದಿಟ್ಟರೆ ಹೋಗುತ್ತದೆ. ಹಳೆಯ ತಾಮ್ರದ ಹಂಡೆಯನ್ನು ಮೀನಿಗೆ ಬಳಸಲೇಬೇಡಿ. ಕುಡಿಯುವ ನಮಗೆ ಒಳ್ಳೆಯದೆನ್ನುವ ತಾಮ್ರ, ಕಿವಿರನ್ನು ಕೆಡಿಸಲು ಲೇಶಮಾತ್ರ ಸಾಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತದ್ದು, ಅಂದರೆ ತಾಮ್ರದ್ದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910ರಲ್ಲೇ ಬರೆದಿದ್ದರು, ಅಂದಿನಿಂದ ತೋಟಕ್ಕೂ ತುತ್ತಕ್ಕೂ ನಂಟು. ಸಿಂಪಡಿಸುವ ದಿನ ತೋಟದ ಪಕ್ಕದ ತೊಟ್ಟಿಗೆ ಮುಚ್ಚಿಗೆ ಬೇಕು. ಸಂಜೆ ತೆಗೆಯಲು ಮರೆಯಬೇಡಿ. ಗದ್ದೆಗೆ ಹೊಡೆಯುವ ಕೀಟನಾಶಕ, ಬೀದಿಯಲ್ಲಿ ಬಿಡುವ ಫಾಗಿಂಗ್ ಹೊಗೆಗೂ ಇದೇ ಎಚ್ಚರಿಕೆ. ಸೊಳ್ಳೆಗೆ ಹಾಕುವ ಪೈರೆಥ್ರಾಯ್ಡ್ ಮೀನಿಗೆ ಕಡು ವಿಷ.

ಮುಂಗಾರಿಗೆ ಮೊದಲಿನ ಗುಡುಗು ಮಳೆಗೂ ತೊಟ್ಟಿ ಸಿದ್ಧವಿರಬೇಕು. ಅಂಚಿಗಿಂತ ಮೂರು ಬೆರಳು ಕೆಳಗೆ ಒಂದು ತೂತು ಕೊರೆದು ಸೊಳ್ಳೆಪರದೆಯ ಬಟ್ಟೆ ಕಟ್ಟಿದರೆ ಹೆಚ್ಚಿದ ನೀರು ಹೋಗುತ್ತದೆ, ಮೀನು ಹೋಗುವುದಿಲ್ಲ. ಮೀನು ಹೋಗದಿರುವುದು ನಿಮ್ಮ ನಷ್ಟದ ಮಾತಷ್ಟೇ ಅಲ್ಲ. ಅಂಗಳದಿಂದ ಚರಂಡಿ, ಚರಂಡಿಯಿಂದ ಹಳ್ಳ, ಹಳ್ಳದಿಂದ ಕೆರೆ ದೂರವಿಲ್ಲ. ಚನ್ನಗಿರಿ ತಾಲ್ಲೂಕಿನಲ್ಲೇ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಸೂಳೆಕೆರೆಯಿದೆ. ಶಾಂತಿಸಾಗರವೆಂದು ಹೊಸ ಹೆಸರು ಪಡೆದ ಆ ಕೆರೆಯ ಹೆಚ್ಚಿನ ನೀರು ತುಂಗಭದ್ರೆಗೆ ಸೇರುತ್ತದೆ. ಗಂಬೂಸಿಯಾ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕೆರೆಗೆ ಬಿದ್ದರೆ ಅದು ಸೊಳ್ಳೆಮರಿಯ ಜೊತೆ ಕಪ್ಪೆಮರಿಯನ್ನೂ ನಮ್ಮ ಸಣ್ಣ ಮೀನುಗಳ ಮೊಟ್ಟೆಯನ್ನೂ ತಿನ್ನುತ್ತದೆ. ಗಾಜು ತೊಳೆಯಲೆಂದು ಮಾರುವ ಸಕ್ಕರ್ ಮೀನು ಕೇರಳ, ತಮಿಳುನಾಡು, ಆಂಧ್ರದ ಕೆರೆ–ಕಾಲುವೆಗಳಲ್ಲಿ ಬಲೆ ಹರಿಯುವ ಪಿಡುಗಾಗಿದೆ. ಅವು ಅಲ್ಲಿಗೆ ಹೋದದ್ದು ಸಾಕಿದವರು ‘ಪಾಪ, ಬದುಕಿಕೊಳ್ಳಲಿ’ ಎಂದು ಬಿಟ್ಟ ಕೈಯಿಂದಲೂ.

ಆದ್ದರಿಂದ ತೊಟ್ಟಿ ಇಡಿ, ಆಳವಾಗಿಡಿ, ನಡುಹಗಲಿಗೆ ನೆರಳು ಕೊಡಿ, ಮೀನನ್ನು ಬೆಳಗಿನ ಜಾವಕ್ಕೆ ತಕ್ಕಷ್ಟೇ ಬಿಡಿ. ಮರಿ ಹೆಚ್ಚಾದರೆ ನೆರೆಮನೆಯ ತೊಟ್ಟಿಗೆ ಕೊಡಿ, ಇಲ್ಲವೇ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಲಾರ್ವಾ ಸಮೀಕ್ಷೆಗೆ ಬರುವ ಅವರಿಗೆ ಯಾವ ಮನೆಯ ತೊಟ್ಟಿ ಖಾಲಿ ಇದೆ ಎಂಬುದು ಗೊತ್ತಿರುತ್ತದೆ. ಕೆರೆಗೆ, ನಾಲೆಗೆ, ಹೊಳೆಗೆ ಮಾತ್ರ ಒಂದನ್ನೂ ಬಿಡಬೇಡಿ.